ಆಡು ತಿಂದ ಅಳತೆ

ನಾನು ಚಿಕ್ಕವಳಿದ್ದಾಗ ನಮ್ಮ ದೇವಾಪುರದ ಮಕ್ಕಳ ಕಾಲು ಸುರಪುರದ ಬಜಾರಿಗೆ ಹೋಗುತ್ತಿರಲಿಲ್ಲ, ಕಾಲಿನ ಅಳತೆ ಹೋಗುತ್ತಿತ್ತು. ನಮ್ಮನ್ನು ಅಂಗಳದಲ್ಲಿ ನಿಲ್ಲಿಸಿ, ಹಿಮ್ಮಡಿಯಿಂದ ಹೆಬ್ಬೆರಳ ತುದಿಯವರೆಗೆ ಜೋಳದ ಒಣ ದಂಟಿನ ಕಣಿಕೆ ಹಿಡಿದು, ಅಷ್ಟಕ್ಕೇ ಮುರಿದುಕೊಂಡು ಹಿರಿಯರು ಸಂತೆಗೆ ಹೊರಡುತ್ತಿದ್ದರು. ಆ ತುಂಡು ಯಾವ ಚಪ್ಪಲಿಯಲ್ಲಿ ಸರಿಯಾಗಿ ಕೂತಿತೋ ಅದೇ ನಮ್ಮ ಚಪ್ಪಲಿ. ಬಣ್ಣ, ಅಂದಚಂದ ಎಲ್ಲ ತರುವವರ ಮರ್ಜಿ. ಈಗಿನ ಮಕ್ಕಳಿಗೆ ಹೇಳಿದರೆ ನಗುತ್ತಾರೆ. ನೀವು ನಮ್ಮ ಕಡೆಯವರಾಗಿದ್ದರೆ ನಗಲಿಕ್ಕಿಲ್ಲ.

ಏಳನೇ ತರಗತಿಯಲ್ಲಿ ನನಗೆ ಬೂಟಿನ ಹುಚ್ಚು ಹಿಡಿಯಿತು. ಅವ್ವನ ಜೊತೆ ಸುರಪುರದ ದವಾಖಾನೆಗೆ ಹೋದಾಗ ಅಂಗಡಿಯ ಗಾಜಿನ ಹಿಂದೆ ಅದನ್ನು ಕಂಡಿದ್ದೆ. ಓಡುವವರ ಬೂಟು. ನೀಲಿ ಬಟ್ಟೆ, ಬದಿಗೆ ಬಿಳಿ ಪಟ್ಟಿ, ಬೆಲ್ಲದ ಬಣ್ಣದ ರಬ್ಬರ್ ತಳ. ನಾನೇನು ಓಟಗಾರ್ತಿಯಲ್ಲ. ಶಾಲೆಯ ಗ್ಯಾದರಿಂಗಿನ ದಿನ ಅದನ್ನು ಹಾಕಿಕೊಂಡು ಸ್ಟೇಜಿನ ಮೇಲೆ ಸುಮ್ಮನೆ ಅತ್ತಿಂದಿತ್ತ ನಡೆದರೂ ನನ್ನ ಜನ್ಮ ಸಾರ್ಥಕವಾಗುತ್ತಿತ್ತು.

ಅಪ್ಪ ಕುರಿ, ಆಡು ಕಾಯುವವನು. ಹೋತಗಳನ್ನು ಮಾರಲು ಸಂತೆಗೆ ಹೊರಟ ಮುಂಜಾನೆ ಅವನ ಬೆನ್ನು ಬಿಡಲಿಲ್ಲ.

"ನೀಲಿದು ಅಪ್ಪಾ. ಬಿಳಿ ಪಟ್ಟಿ ಇರಬೇಕು. ಬ್ಯಾರೆ ಯಾವ್ದೂ ತರಬ್ಯಾಡ ಮತ್ತ."

"ಆಯ್ತು ನಮ್ಮವ್ವ, ನೀಲಿದೇ ತರ್ತೀನಿ. ಕಾಲು ನೆಟ್ಟಗ ಇಡು, ಬೆರಳು ಮಡಚಬ್ಯಾಡ."

ಅಳತೆಯ ಕಣಿಕೆಯನ್ನು ರುಮಾಲಿನ ಸುತ್ತಿನಲ್ಲಿ ಸಿಕ್ಕಿಸಿಕೊಂಡು ಹೋದ.

ಸಂಜೆ ಅಪ್ಪ ಬಂದಾಗ ಅವನ ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ಕಾಗದ ಸುತ್ತಿದ ಭಜಿ. ನಾನು ಭಜಿಯ ಕಡೆ ನೋಡಲಿಲ್ಲ. ಡಬ್ಬಿ ತೆಗೆದರೆ ಅದೇ ನೀಲಿ, ಅದೇ ಬಿಳಿ ಪಟ್ಟಿ! ಹೊಸ ರಬ್ಬರಿನ ವಾಸನೆಯ ಜೊತೆ ಹೋತದ ವಾಸನೆಯೂ ಮೂಗಿಗೆ ಬಡಿಯಿತು. ಕಾಲು ತೂರಿಸಿದೆ. ಹಿಮ್ಮಡಿ ಹೊರಗೇ ಉಳಿಯಿತು.

ಅಪ್ಪ ರುಮಾಲಿನಿಂದ ಕಣಿಕೆ ತೆಗೆದು ಬೂಟಿನೊಳಗೆ ಇಟ್ಟ. ಸರಿಯಾಗಿ ಕೂತಿತು. ನನ್ನ ಕಾಲಿಗೆ ಹಿಡಿದ. ಒಂದು ಬೆರಳಗಲ ಗಿಡ್ಡ. ಅವ್ವ ಅದನ್ನು ಇಸಿದುಕೊಂಡು ತಿರುಗಿಸಿ ನೋಡಿದಳು.

"ತುದಿ ನೋಡ್ರಿ. ಇದು ಮುರಿದದ್ದಲ್ಲ, ಕಡಿದದ್ದು."

ಅಪ್ಪ ಹಣೆ ಹಣೆ ಬಡಿದುಕೊಂಡ. "ಸಂತ್ಯಾಗ ಕುಂತಾಗ ಹಿಂದಿಂದ ಹೋತ ರುಮಾಲಿಗಿ ಬಾಯಿ ಹಾಕಿತ್ತು. ಜಲ್ದಿ ಕಸ್ಕೊಂಡೆ. ಒಂದೀಟು ಸಿಪ್ಪಿ ತಿಂದಾದ ಅಂತ ಮಾಡಿದ್ದೆ."

"ಮಗಳ ಅಳತಿ ಹೋತಕ್ಕ ತಿನ್ನಿಸಿ ಬಂದೀರಿ!" ಎಂದು ಅವ್ವ ಬಿದ್ದು ಬಿದ್ದು ನಕ್ಕಳು. ಅಪ್ಪನೂ ನಕ್ಕ. ನಾನು ಅತ್ತೆ.

ಮುಂದಿನ ಸಂತೆಗೆ ಅಪ್ಪ ಬೂಟು ತಿರುಗಿ ಒಯ್ದ. ಅಂಗಡಿಯವರು, "ನೀಲಿದು ಅದೊಂದೇ ಜೋಡಿ ಇತ್ತಪ್ಪ. ಬೇಕಾದ್ರ ಬದ್ಲಿ ಕರೀದು ಒಯ್ಯಿ" ಅಂದರಂತೆ. ಬೇರೆ ತರಬೇಡ ಎಂದು ನಾನೇ ಹೇಳಿದ್ದೆನಲ್ಲ, ಅದನ್ನೇ ಮರಳಿ ತಂದ. ಯಾರನ್ನು ಬೈಯಲಿ? ಹೋತವನ್ನು ಬೈಯೋಣವೆಂದರೆ ಅದೂ ಮಾರಿ ಹೋಗಿತ್ತು.

ಹಟ ಬಿಡಲಿಲ್ಲ. ಬೆರಳುಗಳನ್ನು ಒಳಗೇ ಮಡಚಿ, ಹಿಮ್ಮಡಿ ತುರುಕಿ, ಶಾಲೆಗೆ ನಡೆದೆ. ಗೆಳತಿಯರು ಸುತ್ತ ಕೂತು ಬಿಳಿ ಪಟ್ಟಿಯನ್ನು ಮುಟ್ಟಿ ಮುಟ್ಟಿ ನೋಡಿದರು. ಬೆರಳ ಗೆಣ್ಣುಗಳಲ್ಲಿ ಬೊಬ್ಬೆ ಎದ್ದು ಒಡೆದವು. ಮನೆಯಲ್ಲಿ ತುಟಿ ಪಿಟಕ್ಕೆನ್ನಲಿಲ್ಲ. ಆದರೆ ದಿನವಿಡೀ ಕುರಿಗಳ ನಡಿಗೆ ನೋಡುವವನಿಗೆ ಮಗಳ ನಡಿಗೆ ತಿಳಿಯದೆ ಇರುತ್ತದೆಯೇ? ಒಂದು ಸಂಜೆ ನಾನು ಬರುವುದನ್ನು ಬೇಲಿಯ ಹತ್ತಿರ ನಿಂತು ನೋಡಿದ.

ಗ್ಯಾದರಿಂಗಿನ ಮುಂಜಾನೆ ಜಳಕ ಮಾಡಿ ಬಂದೆ. ಅಪ್ಪ ಕಟ್ಟೆಯ ಮೇಲೆ ಬೂಟು ಇಟ್ಟುಕೊಂಡು ಕೂತಿದ್ದ. ಕುರಿಯ ಗೊರಸು ಕೊರೆಯುವ ಚಾಕುವಿನಿಂದ ಎರಡರ ಮೂತಿಯನ್ನೂ ದುಂಡಗೆ ಕತ್ತರಿಸಿ ತೆಗೆದಿದ್ದ. ಎಳೆ ಬಿಚ್ಚಬಾರದೆಂದು ಅಂಚಿಗೆ ಹೊಲಿಗೆಯನ್ನೂ ಹಾಕಿದ್ದ.

"ಈಗ ಹಾಕ್ಕೋ ಯವ್ವಾ. ಆರಾಮ ಆಗ್ತದ. ಬೆರಳಿಗಿ ಗಾಳಿನೂ ಆಡ್ತದ."

ಎಷ್ಟು ಸಂತೋಷವಿತ್ತು ಅವನ ಮುಖದಲ್ಲಿ! ಏನು ಮಾಡಿದೆ ಅಪ್ಪಾ ಎಂದು ಚೀರಬೇಕೆನಿಸಿತು. ಆದರೂ ಹಾಕಿಕೊಂಡೆ. ಐದೈದು ಬೆರಳೂ ಹೊರಗೆ ಇಣುಕಿದವು. ನಿಜಕ್ಕೂ ಆರಾಮವಾಗಿತ್ತು, ಅದೇ ನನ್ನ ದೊಡ್ಡ ದುಃಖ. ಸ್ಟೇಜಿನ ಮೇಲೆ ಕಾಲು ಕಾಣದ ಹಾಗೆ ಹಿಂದಿನ ಸಾಲಿನಲ್ಲಿ ನಿಂತು ಹಾಡಿದೆ. ಅಪ್ಪ ಮುಂದೆ ಕೂತು ಚಪ್ಪಾಳೆ ಹೊಡೆದ.

ಈಗ ಯಾದಗಿರಿಯಲ್ಲಿ ಮಾಸ್ತರಿಕೆ ಮಾಡುತ್ತೇನೆ. ಅಂಥ ಬೂಟುಗಳು ಮತ್ತೆ ಬಂದಿವೆ. "ರೆಟ್ರೊ ರನ್ನಿಂಗ್ ರೀ ಮೇಡಮ್, ಹಳೀ ಡಿಸೈನಿಗೇ ಈಗ ಜೋರು. ದಿನಾ ಹಾಕ್ಲಿಕ್ಕಿ ಹಗುರ" ಎಂದು ಅಂಗಡಿಯಾತ ಗೋಡೆ ತುಂಬ ತೋರಿಸಿದ. ಚೂಡಿದಾರಕ್ಕೂ ಸೀರೆಗೂ ಒಪ್ಪುವಂಥದ್ದನ್ನು ನಡೆದು ನೋಡಿ, ಬೆರಳು ಆಡಿಸಿ ನೋಡಿ ಆರಿಸಿಕೊಳ್ಳುವ ಭಾಗ್ಯ ಇಂದು ನನಗಿದೆ. ಆದರೆ ಅವತ್ತು ನಾನು ಅಪ್ಪನನ್ನು ಕರೆದುಕೊಂಡು ಹೋದದ್ದು ಅವನಿಗಾಗಿ. ಸಕ್ಕರೆ ಕಾಯಿಲೆ ಬಂದು ವರ್ಷಗಳಾದವು. ಬರಿಗಾಲಲ್ಲಿ ಬಿಡಬೇಡಿ, ಮೆತ್ತಗಿನ ಬೂಟು ಕೊಡಿಸಿ ಎಂದು ಡಾಕ್ಟರು ಹೇಳಿದ್ದರು.

ಎಲ್ಲಕ್ಕಿಂತ ಮೆತ್ತಗಿದ್ದ ಜೋಡಿಯನ್ನು ಆರಿಸಿ, ನೆಲದ ಮೇಲೆ ಕೂತು ನಾನೇ ಲೇಸು ಕಟ್ಟಿದೆ.

"ಎಲ್ಲೆರ ಬಿಗಿ ಆಗ್ಯಾದೇನು ಅಪ್ಪಾ?"

ಕಾದ ಕಲ್ಲಿನ ಮೇಲೆ ಜೀವಮಾನವಿಡೀ ನಡೆದ ತನ್ನ ಕಾಲುಗಳನ್ನು ಅವನು ಬಗ್ಗಿ ನೋಡಿದ.

"ನನಗ್ಯಾಕ ಕೇಳ್ತಿ ಯವ್ವಾ? ಕಾಲಿಗಿ ಏನೂ ಗೊತ್ತೇ ಆಗಂಗಿಲ್ಲ. ಹಾಕ್ಕೊಂಡೀನೋ ಇಲ್ಲೋ ಅನ್ನೂದು ಸುದ್ದಾ ನೋಡೇ ತಿಳೀಬೇಕು."