ಹವಳದ ತೊಟ್ಟಿಯ ಕಳ್ಳ

ಮತ್ಸ್ಯಾಲಯದ ಕೆಲಸಗಾರರು ಅವನಿಗೆ ಸಮುದ್ರರಾಜ ಎಂದು ಹೆಸರಿಟ್ಟಿದ್ದರು. ಇಟ್ಟವರು ಗೇಲಿಗೆಂದು ಇಟ್ಟರು, ಅವನು ಬಿರುದೆಂದು ತೆಗೆದುಕೊಂಡ. ಗೇಲಿಯನ್ನು ಹೀಗೆ ಮರ್ಯಾದೆಯಾಗಿ ಜೀರ್ಣಿಸಿಕೊಳ್ಳುವವರನ್ನು ಯಾರೂ ಏನೂ ಮಾಡಲಾಗದು. ಬರಬರುತ್ತಾ ಮ್ಯಾನೇಜರೂ ಹಾಗೇ ಕರೆಯತೊಡಗಿದರು. ಮನೆಯಲ್ಲಿ ಹೆಂಡತಿಯೂ ಕರೆಯುತ್ತಿದ್ದಳು. ಆದರೆ "ಸಮುದ್ರರಾಜರು ಒದ್ದೆ ಪ್ಯಾಂಟು ತಂದು ಮಂಚದ ಮೇಲೆ ಹಾಕಬಾರದು" ಎನ್ನುವಂಥ ಸಂದರ್ಭಗಳಲ್ಲಿ ಮಾತ್ರ.

ಅವನ ಸಾಮ್ರಾಜ್ಯವಿದ್ದದ್ದು ಕಟ್ಟಡದ ಕೊನೆಯ ಹಜಾರದಲ್ಲಿ. ಗೋಡೆಯಿಂದ ಗೋಡೆಗೆ ಒಂದೇ ಗಾಜು, ಅದರ ಹಿಂದೆ ಬೆಚ್ಚಗಿನ ಕಡಲಿನ ಹವಳದ ದಿಬ್ಬ. ವಿಷದ ಎಳೆಗಳ ಕಡಲಹೂವಿನ ನಡುವೆ ನಿಶ್ಚಿಂತೆಯಿಂದ ಸಂಸಾರ ಹೂಡಿದ್ದ ಕೋಡಂಗಿ ಮೀನುಗಳು. ಲೋಳೆಯ ಚೀಲ ಹೊದ್ದು ಮಲಗುವ ಗಿಳಿಮೀನು. ದೊಡ್ಡವರ ಬಾಯೊಳಗೆ ಹೊಕ್ಕು ಹಲ್ಲು ಶುಚಿ ಮಾಡಿ ಹೊರಬರುವ ಚೋಟುದ್ದದ ಮೀನು. ಎರಡು ಕೈಯಲ್ಲೂ ಒಂದೊಂದು ಪುಟ್ಟ ಕಡಲಹೂ ಹಿಡಿದು ಗುದ್ದಾಟಕ್ಕೆ ನಿಲ್ಲುವ ಏಡಿ. ಕಣ್ಣು ಮಂದವಾದ ಒಂದು ಸಿಗಡಿ ಮರಳಿನಲ್ಲಿ ಬಿಲ ತೋಡುತ್ತಿತ್ತು, ಬಾಗಿಲಲ್ಲಿ ಒಂದು ಮೀನು ಕಾವಲು ಕೂರುತ್ತಿತ್ತು. ಇಬ್ಬರಿಗೂ ಒಂದೇ ಮನೆ. ಭಾನುವಾರ ಜನ ಸೇರಿದಾಗ ಸಮುದ್ರರಾಜ ಮೈಕು ಹಿಡಿದು ಇವರೆಲ್ಲರ ಮನೆವಾರ್ತೆ ಹೇಳುತ್ತಿದ್ದ.

"ಈ ಕೋಡಂಗಿ ಮೀನು ನೋಡಿ. ಹೆಂಡ್ತಿ ತೀರ್ಕೊಂಡ್ರೆ ಗಂಡನೇ ಹೆಣ್ಣಾಗ್ಬಿಡುತ್ತೆ. ನಮ್ಮಲ್ಲೂ ಹಾಗಿದ್ದಿದ್ರೆ ಗಂಡಸರು ಮೊದ್ಲೇ ಅಡುಗೆ ಕಲ್ತಿರ್ತಿದ್ರು."

ಜನ ನಗುತ್ತಿದ್ದರು. ಆ ನಗುವೇ ಅವನ ನಿಜವಾದ ಸಂಬಳ.

ಅಂಥ ದಿಬ್ಬ ಕಟ್ಟುವುದು ಕಡಲಿನಿಂದ ತಂದ ಕಲ್ಲಿನಿಂದ. ತೂತು ತೂತಾದ ಆ ಕಲ್ಲಿನೊಳಗೆ ಯಾವ್ಯಾವುದೋ ಜೀವ ಅಡಗಿಕೊಂಡು ಬರುತ್ತದೆ. ಆದ್ದರಿಂದ ಹೊಸ ಕಲ್ಲು ಬಂದರೆ ಮೊದಲು ಹಿಂಭಾಗದ ಬೇರೆ ತೊಟ್ಟಿಯಲ್ಲಿ ವಾರಗಟ್ಟಲೆ ಇಟ್ಟು, ಒಳಗಿದ್ದವರು ಹಸಿವಿಗೆ ಹೊರಬರುವ ತನಕ ಕಾಯಬೇಕು. ಈ ಕಸುಬಿನ ಮೊದಲ ಪಾಠವೇ ಇದು. ಹೊಸಬರಿಗೆಲ್ಲ ಇದನ್ನು ಹೇಳಿಕೊಡುತ್ತಿದ್ದವನು ಸಮುದ್ರರಾಜನೇ. ಆದರೆ ಹಜಾರದ ಉದ್ಘಾಟನೆ ಹತ್ತಿರ ಬಂದಾಗ, ದಿಬ್ಬದ ನಡುವೆ ಇಡಬೇಕಾದ ದೊಡ್ಡ ಕಲ್ಲು ತಡವಾಗಿ ಬಂತು. ಅವನು ಅದನ್ನು ತಿರುಗಿಸಿ ನೋಡಿದ, ಮೂಸಿ ನೋಡಿದ, ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟ.

"ಏನೂ ಇಲ್ಲ ಸಾರ್ ಇದ್ರಲ್ಲಿ. ನನ್ನ ಕಣ್ಣು ಸಾಕು, ಕಾಯೋದು ಬೇಡ," ಎಂದ. ಮ್ಯಾನೇಜರಿಗೂ ಬೇಕಾಗಿದ್ದದ್ದು ಅದೇ ಉತ್ತರ. ಕಲ್ಲು ಅಂದೇ ತೊಟ್ಟಿಗಿಳಿಯಿತು.

ಉದ್ಘಾಟನೆ ಭರ್ಜರಿಯಾಗಿ ನಡೆಯಿತು. ಅದಾಗಿ ಬಹಳ ಕಾಲದ ಮೇಲೆ, ಯಾರೂ ಕಲ್ಲನ್ನು ನೆನೆಯದಿದ್ದಾಗ, ಮೀನುಗಳು ಕಾಣೆಯಾಗತೊಡಗಿದವು. ಮೊದಲು ಒಂದು ಚಿಟ್ಟೆಮೀನು. ಆಮೇಲೆ ಕಾವಲುಗಾರ ಮೀನು. ಕಣ್ಣು ಮಂದವಾದ ಸಿಗಡಿ ಒಂಟಿಯಾಗಿ ಬಾಗಿಲಲ್ಲಿ ತಡಕಾಡುತ್ತಿತ್ತು. ಆಮೇಲೆ ಗಿಳಿಮೀನೇ ಹೋಯಿತು. ಸಂಜೆ ಇದ್ದದ್ದು ಬೆಳಿಗ್ಗೆ ಇಲ್ಲ. ಹೆಣ ಇಲ್ಲ, ಮುಳ್ಳಿಲ್ಲ.

ಸಮುದ್ರರಾಜ ತರ್ಕ ಹೂಡಿದ. ಸತ್ತ ಮೀನು ಒಂದಲ್ಲ ಒಂದು ಕಡೆ ಸಿಕ್ಕಬೇಕು. ಸಿಕ್ಕಲಿಲ್ಲವೆಂದರೆ ಅದು ತೊಟ್ಟಿಯಿಂದಾಚೆ ಹೋಗಿದೆ. ಮೀನಿಗೆ ಕಾಲಿಲ್ಲ. ಆದ್ದರಿಂದ ಕಾಲಿರುವ ಯಾರೋ ಒಯ್ದಿದ್ದಾರೆ. ತರ್ಕದಲ್ಲಿ ಎಲ್ಲೂ ತಪ್ಪಿರಲಿಲ್ಲ. ತೊಟ್ಟಿಯೊಳಗೆ ತನಗೆ ಗೊತ್ತಿಲ್ಲದ್ದು ಏನಾದರೂ ಇರಬಹುದು ಎಂಬ ಒಂದು ಮೆಟ್ಟಿಲನ್ನು ಮಾತ್ರ ಅವನು ಹತ್ತದೆ ಬಿಟ್ಟಿದ್ದ.

ಹಿಂಬಾಗಿಲ ಕೀಲಿ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಗಾಜು ಒರೆಸುವವನ ಹತ್ತಿರ ಇರುತ್ತಿತ್ತು. ಆ ಗಾಜಿನವನು ಬೇರೆ ಯಾರೂ ಅಲ್ಲ, ಸಮುದ್ರರಾಜನ ತಂಗಿಯ ಗಂಡ. ಕೆಲಸ ಕೊಡಿಸಿದ್ದೂ ಇವನೇ. ಕೊಡಿಸಿದ್ದನ್ನು ಮನೆಯ ಯಾವ ಸಮಾರಂಭದಲ್ಲೂ ನೆನಪಿಸದೆ ಬಿಟ್ಟವನಲ್ಲ. ಗಾಜಿನವನದು ಮಾತು ಕಡಿಮೆ. ಒಂದು ಬೆಳಿಗ್ಗೆ ಮಾತ್ರ ತಾನಾಗಿ ಬಂದು ಹೇಳಿದ್ದ:

"ಭಾವ, ಲೈಟ್ ಹಾಕಿದ ತಕ್ಷಣ ಆ ನಡುಗಲ್ಲಿನ ಹತ್ರ ಏನೋ ಸರ್ರನೆ ಒಳಗೆ ಸೇರ್ಕೊಂಡ ಹಾಗಾಯ್ತು."

"ನಿದ್ದೆಗಣ್ಣಲ್ಲಿ ಬಂದ್ರೆ ತಿಮಿಂಗಿಲನೂ ಕಾಣುತ್ತೆ," ಎಂದಿದ್ದ ಸಮುದ್ರರಾಜ. ಈಗ ಆ ಮಾತು ನೆನಪಾಗಿ, ಅದರಲ್ಲೂ ಅವನಿಗೆ ಕಳ್ಳನ ಜಾಣತನವೇ ಕಂಡಿತು. ಕಲ್ಲಿನ ಮೇಲೆ ಗೂಬೆ ಕೂರಿಸಿ ತಾನು ಪಾರಾಗುವ ಉಪಾಯ.

ಅವನು ಮ್ಯಾನೇಜರ ಕೋಣೆಗೆ ಹೋಗಿ ನಿಂತ. ಟಿಕೆಟ್ ಕೊಡುವಾಕೆ, ಕಾವಲಿನವನು, ಪಂಪು ನೋಡಿಕೊಳ್ಳುವವನು ಎಲ್ಲರೂ ಅಲ್ಲಿದ್ದರು.

"ನಾನು ಯಾರ ಹೆಸರೂ ಹೇಳಲ್ಲ ಸಾರ್. ಆದ್ರೆ ಕೀಲಿ ಒಬ್ಬನ ಹತ್ರನೇ ಇರೋದು. ಅವನು ನನ್ನ ಸಂಬಂಧಿ ಅಂತ ನೀವು ಮುಲಾಜು ನೋಡೋದು ಬೇಡ. ಸಂಬಂಧ ಮನೇಲಿ, ಇಲ್ಲಿ ಮೀನೇ ನನ್ನ ಬಂಧು."

ಕೊನೆಯ ವಾಕ್ಯ ಅವನಿಗೇ ಬಹಳ ಹಿಡಿಸಿತು. ಮನೆಗೆ ಹೋಗಿ ಹೆಂಡತಿಗೂ ಹೇಳಿ ತೋರಿಸಿದ. ಅವಳು ಅನ್ನ ಬಡಿಸುತ್ತಿದ್ದ ಕೈ ಅಲ್ಲೇ ನಿಲ್ಲಿಸಿ, "ಹಾಗಾದ್ರೆ ನಾಳೆಯಿಂದ ಮೀನಿನ ಮನೇಲೇ ಊಟ ಮಾಡಿ," ಎಂದಳು.

ಗಾಜಿನವನನ್ನು ಕೆಲಸದಿಂದ ತೆಗೆದರು. ವಿಷಯ ಬೀದಿಗೆ ಬರಲು ಒಂದು ದಿನವೂ ಹಿಡಿಯಲಿಲ್ಲ. ತಂಗಿ ಬಂದಳು. ಒಳಗೆ ಕಾಲಿಡದೆ ಹೊಸ್ತಿಲಾಚೆಯೇ ನಿಂತಳು.

"ಅಣ್ಣ, ಅವರು ನಮ್ಮನೇಗೆ ಒಂದು ಚಮಚ ಉಪ್ಪುನೀರೂ ತಂದವರಲ್ಲ. ಮೀನು ತಂದು ಎಲ್ಲಿಡ್ತಾರೆ? ಬಕೆಟ್ಟಲ್ಲಾ?"

"ಹೊರಗಡೆ ಕೊಳ್ಳೋರು ಇರ್ತಾರಮ್ಮ. ನಿಂಗೇನು ಗೊತ್ತು."

"ನಂಗೆ ಅವರು ಗೊತ್ತು. ನಿಂಗೆ ಮೀನು ಗೊತ್ತು," ಎಂದು ಅವಳು ಸೆರಗು ಬಿಗಿದುಕೊಂಡು ಹೊರಟುಹೋದಳು. ಗಾಜಿನವನಿಗೆ ಮತ್ತೆ ಯಾರೂ ಕೆಲಸ ಕೊಡಲಿಲ್ಲ. ಕೀಲಿಯಿರುವ ಜಾಗದಲ್ಲಿ ಕಳ್ಳನೆನಿಸಿಕೊಂಡವನನ್ನು ಕೀಲಿಯಿಲ್ಲದ ಜಾಗಕ್ಕೂ ಯಾರೂ ಕರೆಯುವುದಿಲ್ಲ. ತಂಗಿ ಇನ್ನೊಬ್ಬರ ಮನೆಯ ಬಟ್ಟೆ ಇಸ್ತ್ರಿ ಮಾಡಲು ಕೂತಳು.

ಮತ್ಸ್ಯಾಲಯದಲ್ಲಿ ಬೀಗ ಬದಲಾಯಿತು. ಹೊಸ ಕೀಲಿ ಸಮುದ್ರರಾಜನ ಸೊಂಟದಲ್ಲೇ ನೇತಾಡುತ್ತಿತ್ತು. ಒಂದು ಬೆಳಿಗ್ಗೆ ಬಾಗಿಲು ತೆಗೆದು ಲೈಟು ಹಾಕಿ ನೋಡುತ್ತಾನೆ, ಬಾಲದ ಬುಡದಲ್ಲಿ ಕತ್ತಿಯಂಥ ಮುಳ್ಳಿರುವ ಹಳದಿ ಸರ್ಜನ್ ಮೀನು ಇಲ್ಲ.

ಅವನು ಗಾಜಿಗೆ ಹಣೆಯೊತ್ತಿ ಮೂಲೆ ಮೂಲೆ ಹುಡುಕಿದ. ಅಂದೇ ಮ್ಯಾನೇಜರ ಹತ್ತಿರ ಹೋಗಿ ಒಂದು ಮಾತು ಹೇಳಿದ್ದರೆ ಗಾಜಿನವನ ಮೇಲಿನ ಕಳಂಕ ಅರ್ಧ ತೊಳೆದುಹೋಗುತ್ತಿತ್ತು. ಅವನಿಗೆ ಅದು ಗೊತ್ತಿತ್ತು. ಆದರೆ ಹೇಳುವುದೆಂದರೆ, ಸಮುದ್ರರಾಜನ ತರ್ಕಕ್ಕೆ ಕಾಲಿಲ್ಲವೆಂದು ಸಮುದ್ರರಾಜನೇ ಹೇಳಬೇಕು. ಹಿಂಭಾಗದ ತೊಟ್ಟಿಯಿಂದ ಅಂಥದ್ದೇ ಇನ್ನೊಂದು ಹಳದಿ ಮೀನನ್ನು ಬಲೆಯಲ್ಲಿ ಹಿಡಿದು ತಂದು ಬಿಟ್ಟ. ಕೈ ಒರೆಸಿಕೊಂಡ. ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಸತ್ಯ ಹೊರಬಂದದ್ದು ಅವನ ಮನಸ್ಸಾಕ್ಷಿಯಿಂದಲ್ಲ, ತೊಟ್ಟಿಯ ಮೂಲೆಯ ಬೆಸುಗೆ ಸೋರಿದ್ದರಿಂದ. ಮೀನುಗಳನ್ನು ಬೇರೆಡೆ ಸಾಗಿಸಿ ನೀರು ಬಸಿದರು. ನಡುಗಲ್ಲನ್ನು ಎತ್ತಿ ಒಣ ನೆಲದ ಮೇಲಿಟ್ಟರು. ಸೋರಿಕೆ ಮುಚ್ಚಲು ಬಂದಿದ್ದವನು ಮೊದಲು ನೋಡಿದ.

"ಯಜಮಾನ್ರೇ, ನಿಮ್ಮ ಕಲ್ಲು ಕರುಳು ಕಾರ್ತಾ ಇದೆ."

ತೂತಿನಿಂದ ಬೆರಳು ಗಾತ್ರದ ಹುಳವೊಂದು ಹೊರಗೆ ಸುರುಳಿ ಬಿಚ್ಚುತ್ತಿತ್ತು. ಬಿಚ್ಚಿತು, ಇನ್ನೂ ಬಿಚ್ಚಿತು. ಆಳುದ್ದಕ್ಕೆ ಸ್ವಲ್ಪ ಕಡಿಮೆ. ಮೈ ತುಂಬ ಕಾಮನಬಿಲ್ಲಿನ ಹೊಳಪು, ಎರಡು ಬದಿಗೂ ನೂರಾರು ಪುಟ್ಟ ಕಾಲು, ತಲೆಯ ಮೇಲೆ ಐದು ಮೀಸೆ, ಬಾಯಲ್ಲಿ ಇಕ್ಕಳದಂಥ ದವಡೆ. ಹವಳದ ಕಡಲಿನಲ್ಲಿ ಇಂಥದ್ದೊಂದಿದೆ ಎಂದು ಸಮುದ್ರರಾಜನಿಗೆ ಚೆನ್ನಾಗಿ ಗೊತ್ತಿತ್ತು. ಚಿತ್ರ ನೋಡಿದ್ದ, ಮೈಕಿನಲ್ಲಿ ಹೇಳಿಯೂ ಇದ್ದ. ಕಲ್ಲಿನೊಳಗೆ ಬಂದಾಗ ದಾರದೆಳೆಯಷ್ಟಿದ್ದದ್ದು, ಅವನ ಮೀನುಗಳನ್ನೆಲ್ಲ ತಿಂದು ಹೀಗೆ ಬೆಳೆದಿತ್ತು. ಮುಟ್ಟಿದ ಅವನ ಕೈ ಅದರ ಮುಳ್ಳುಗೂದಲಿಗೆ ಜೋಮು ಹಿಡಿಯಿತು.

ಅವನು ಅಂದು ಸಂಜೆಯೇ ತಂಗಿಯ ಮನೆಗೆ ಹೋದ. ಒಂದೇ ಕೋಣೆ; ಇಸ್ತ್ರಿ ಬಟ್ಟೆಯ ಗಂಟುಗಳ ನಡುವೆ ಗಾಜಿನವನು ಅಂಗಿಗೆ ನೀರು ಚಿಮುಕಿಸಿ ಮಡಿಸುತ್ತಿದ್ದ. ಸಮುದ್ರರಾಜ ಹುಳದ ಕಥೆ ಹೇಳಿದ. ಹಳದಿ ಮೀನಿನ ವಿಷಯ ಹೇಳಲಿಲ್ಲ.

"ಮ್ಯಾನೇಜರು ನಿನ್ನ ವಾಪಸ್ ಕರೀತಿದ್ದಾರೆ. ಬಾರಪ್ಪ, ಆಗಿದ್ದು ಆಯ್ತು."

ಗಾಜಿನವನು ಅಂಗಿಯ ಕಾಲರು ಸರಿಮಾಡಿ ಗಂಟಿನ ಮೇಲಿಟ್ಟ. "ಹುಳ ಸಿಗದೇ ಇದ್ದಿದ್ರೆ ಭಾವ?"

"ಅಂದ್ರೆ?"

"ಸಿಕ್ತು, ಅದಕ್ಕೇ ಇವತ್ತು ನಾನು ಕಳ್ಳ ಅಲ್ಲ. ಸಿಗದೇ ಇದ್ದಿದ್ರೆ ಸಾಯೋವರೆಗೂ ಕಳ್ಳನೇ. ನಿಮಗೆ ನನಗಿಂತ ಹುಳದ ಮಾತಲ್ಲೇ ನಂಬಿಕೆ."

ತಂಗಿ ಇಸ್ತ್ರಿಪೆಟ್ಟಿಗೆ ನಿಲ್ಲಿಸಿದಳು. "ಅಣ್ಣ, ಕೆಲಸ ಇಟ್ಕೋ ನೀನೇ. ನಾಕು ಜನರ ಮುಂದೆ ಹೇಳಿದ್ಯಲ್ಲ, ನಾಕು ಜನರ ಮುಂದೆನೇ ತಪ್ಪಾಯ್ತು ಅನ್ನು. ಅಷ್ಟು ಸಾಕು ನಮಗೆ."

ಅದು ನ್ಯಾಯವಾದ ಮಾತು ಎಂದು ಅವನಿಗೂ ಅನ್ನಿಸಿತು. ಆದರೆ ನಾಲ್ಕು ಜನ ಅವನಿಗೆ ಸಾಲುವವರಲ್ಲ. ಹುಳವನ್ನು ಬೇರೆ ಗಾಜಿನ ಪೆಟ್ಟಿಗೆಯಲ್ಲಿಟ್ಟು ಜನರಿಗೆ ತೋರಿಸತೊಡಗಿದ್ದರು. ಮೊದಲ ಭಾನುವಾರವೇ ಹಜಾರ ಕಿಕ್ಕಿರಿದಿತ್ತು. ಸಮುದ್ರರಾಜ ಮೈಕು ಹಿಡಿದು, ಕಳ್ಳತನವೆಂದು ತಾನು ತಿಳಿದದ್ದನ್ನೂ ಸ್ವಂತ ತಂಗಿಯ ಗಂಡನನ್ನು ದೂರಿದ್ದನ್ನೂ ಹೇಳಿದ. ತಪ್ಪಾಯಿತು ಎಂದ. "ಮೀನಿಗೆ ಕಾಲಿಲ್ಲ ಅಂದ್ಕೊಂಡೆ. ಹುಳಕ್ಕೆ ನೂರಾರು ಇದ್ವು," ಎಂದ.

ಜನ ಗೊಳ್ಳೆಂದು ನಕ್ಕರು.

ಆ ನಗು ಅವನಿಗೆ ಮೊದಲು ಚುಚ್ಚಿತು. ಎರಡನೆಯ ಭಾನುವಾರ ಅಷ್ಟು ಚುಚ್ಚಲಿಲ್ಲ. ಮುಂದಿನ ವಾರಗಳಲ್ಲಿ ಅವನು ಕಾಲಿನ ಮಾತಿಗೆ ಮೊದಲು ತುಸು ನಿಲ್ಲತೊಡಗಿದ; ನಿಂತರೆ ನಗು ಹೆಚ್ಚು ಬರುತ್ತಿತ್ತು. ನಿದ್ದೆಗಣ್ಣಿನ ತಿಮಿಂಗಿಲ ಬಂದು ಸೇರಿತು. ಗಾಜಿನವನು ಬಟ್ಟೆ ಹಿಡಿದು ಪೆಚ್ಚಾಗಿ ನಿಂತ ಭಂಗಿಯೂ ಬಂತು. ಪ್ರಾಯಶ್ಚಿತ್ತಕ್ಕೆಂದು ಶುರುವಾದದ್ದು ಒಳ್ಳೆಯ ಏಕಪಾತ್ರ ನಾಟಕವಾಗಿ ನಿಂತಿತು. "ಇದನ್ನ ಬಿಡಬೇಡಿ," ಎಂದರು ಮ್ಯಾನೇಜರು, "ಹುಳಕ್ಕಿಂತ ಇದಕ್ಕೇ ಜನ ಬರ್ತಿದ್ದಾರೆ."

ತಂಗಿ ಮತ್ಸ್ಯಾಲಯಕ್ಕೆ ಬಂದದ್ದು ವಾರದ ನಡುವೆ, ಜನವಿಲ್ಲದ ಮಧ್ಯಾಹ್ನ. ತೊಟ್ಟಿಯ ಕಡೆ ನೋಡಲೂ ಇಲ್ಲ.

"ಬೀದಿ ಕೊನೇ ಮನೆ ಹುಡುಗ್ರು ನಮ್ಮನೆಯವರ ಮುಂದೆ ನೀನು ಮಾಡೋ ಹಾಗೆ ಮಾಡಿ ತೋರಿಸ್ತಿದ್ರು. ಬಟ್ಟೆ ಹಿಡ್ಕೊಂಡು ನಿಲ್ಲೋದು. ಚೆನ್ನಾಗ್ ಮಾಡ್ತೀಯಂತೆ."

"ನೀನೇ ತಾನೇ ಜನರ ಮುಂದೆ ಹೇಳು ಅಂದಿದ್ದು."

"ಹೇಳು ಅಂದೆ. ಕುಣಿಸು ಅನ್ಲಿಲ್ಲ. ಆಗ ನಾಕು ಜನಕ್ಕೆ ಕಳ್ಳ ಆಗಿದ್ರು, ಈಗ ಊರಿಗೇ ಕೋಡಂಗಿ ಆದ್ರು. ಕಳ್ಳ ಅಂದಾಗ ಅವರು ಒಪ್ಪೊತ್ತಾದ್ರೂ ಉಣ್ತಿದ್ರಣ್ಣ." ಅವಳ ದನಿ ಏರಲಿಲ್ಲ. "ಅಣ್ಣ ಅಂತ ಕರೀತಿದೀನಿ, ಬಾಯಿ ಅಭ್ಯಾಸ. ಅದೂ ಬಿಟ್ಟುಹೋಗುತ್ತೆ."

ಮನೆಯಲ್ಲಿ ಹೆಂಡತಿ ಎಲ್ಲ ಕೇಳಿ, ಮಂಚದ ಮೇಲಿದ್ದ ಅವನ ಒದ್ದೆ ಪ್ಯಾಂಟನ್ನು ತಾನೇ ಎತ್ತಿ ಒಣಹಾಕಿದಳು.

ಭಾನುವಾರ ಬಂತು. ಸಮುದ್ರರಾಜ ಮೈಕು ಹಿಡಿದು ಹವಳದಿಂದ ಶುರು ಮಾಡಿದ. ಅದು ಕಲ್ಲಲ್ಲ, ಗಿಡವಲ್ಲ, ಲಕ್ಷಾಂತರ ಪುಟ್ಟ ಪ್ರಾಣಿಗಳು ಸೇರಿ ಕಟ್ಟಿಕೊಂಡ ಮನೆ ಎಂದ. ಏಡಿಯದು ಹೇಳಿದ, ಹಲ್ಲು ಶುಚಿ ಮಾಡುವ ಮೀನಿನದು ಹೇಳಿದ. ಹುಳದ ಪೆಟ್ಟಿಗೆಯ ಬಳಿ ಬಂದು ಅದರ ಉದ್ದ, ಅದರ ದವಡೆ ಇಷ್ಟನ್ನೇ ಹೇಳಿ ಮುಂದೆ ಸರಿದ. ಜನ ಸರಿಯಲಿಲ್ಲ.

"ಕಳ್ಳನ ಕಥೆ ಹೇಳಿ ಸಾರ್," ಎಂದರು ಹಿಂದಿನಿಂದ ಯಾರೋ. "ಅದಕ್ಕೇ ಇವರನ್ನೆಲ್ಲ ಕರ್ಕೊಂಡು ಬಂದಿರೋದು."

"ಕಳ್ಳ ಯಾರೂ ಇರಲಿಲ್ಲ," ಎಂದ ಸಮುದ್ರರಾಜ.

ಹೇಳಿ ಒಂದು ಕ್ಷಣ ನಿಂತ. ಕಥೆ ಶುರುವಾಯಿತೆಂದುಕೊಂಡು ಜನ ಆಗಲೇ ನಗತೊಡಗಿದ್ದರು.