ಎದೆಯೊಳಗಿನ ಫರ್ಸಿ

ಕಾಕಾನ ತಲೆಗೂದಲು ಕಪ್ಪು, ಹುಬ್ಬು ಮಾತ್ರ ಬೆಳ್ಳಗೆ. ಸಂಜೆ ಕೆಲಸದಿಂದ ಬಂದು ಟವೆಲ್ಲಿನಿಂದ ತಿಕ್ಕಿ ತಿಕ್ಕಿ ಮುಖ ಒರೆಸಿಕೊಂಡರೂ ರೆಪ್ಪೆಯ ಬುಡದಲ್ಲಿ ಕಲ್ಲಿನ ಹಿಟ್ಟು ಉಳಿದೇ ಇರುತ್ತಿತ್ತು. ಅವನು ನಮ್ಮ ಸ್ವಂತ ಕಾಕಾ ಅಲ್ಲ, ರಾವೂರಿನಲ್ಲಿ ನಮ್ಮ ಪಕ್ಕದ ಮನೆಯವನು. ವಾಡಿ ಕಡೆಯ ಒಂದು ಪಾಲಿಶ್ ಕಾರ್ಖಾನೆಯಲ್ಲಿ ಫರ್ಸಿ, ಅಂದರೆ ಹಾಸುಗಲ್ಲು, ಕೊಯ್ಯುವ ಮಷಿನ್ನಿನ ಮುಂದೆ ವಯಸ್ಸು ಕಳೆದವನು. ನನ್ನ ಅಣ್ಣನಿಗೂ ಆ ಕೆಲಸ ಕಲಿಸಿದವನು ಅವನೇ. ನಿಮ್ಮ ಮನೆಯ ನೆಲಕ್ಕೆ ನುಣ್ಣನೆಯ ಶಹಾಬಾದ ಕಲ್ಲು ಹಾಸಿದ್ದೀರಲ್ಲ, ಅದನ್ನು ಕೊಯ್ದಾಗ ಎದ್ದ ಧೂಳು ಎಲ್ಲಿ ಹೋಯಿತೆಂದು ಎಂದಾದರೂ ಕೇಳಿದ್ದೀರಾ? ಯಾರೂ ಕೇಳುವುದಿಲ್ಲ.

ಬಾಯಿ ಜೋರು ಅವನದು. ಚಹಾವನ್ನು ಬಸಿಗೆ ಸುರಿದುಕೊಂಡು ನಮ್ಮ ಕಟ್ಟೆಯ ಮೇಲೆ ಕೂತನೆಂದರೆ ಓಣಿಗೆಲ್ಲ ಕೇಳುತ್ತಿತ್ತು. ಮಾತಿಗೆ ಮಾತು ಬೆಳೆಸುತ್ತೇನೆಂದು ನನ್ನನ್ನು "ಏನ್ರಿ ವಕೀಲರ" ಎಂದು ಕಾಡಿಸುತ್ತಿದ್ದ. ಆಗ ನಾನು ಚಿತ್ತಾಪುರದ ಕಾಲೇಜಿಗೆ ಹೋಗುವ ಹುಡುಗಿ.

ಅವನಿಗೆ ಕೆಮ್ಮು ಹತ್ತಿದಾಗ ಡಾಕ್ಟರೊಬ್ಬರು ತೆಗೆಸಿದ ಎಕ್ಸ್‌ರೇಯನ್ನೂ ನೆಟ್ಟಗೆ ನೋಡದೆ ಟಿ.ಬಿ. ಎಂದುಬಿಟ್ಟರು. ಧೂಳಿನಲ್ಲಿ ದುಡಿಯುವವರ ಕೆಮ್ಮಿಗೆಲ್ಲ ನಮ್ಮ ಕಡೆ ಅದೊಂದೇ ಹೆಸರು. ಟಿ.ಬಿ. ಎಂದರೆ ಮಾಲಕರ ಕೈಗೆ ಏನೂ ಅಂಟುವುದಿಲ್ಲವಲ್ಲ! ಗುಳಿಗೆ ಮುಗಿದವು, ಕೆಮ್ಮು ಮುಗಿಯಲಿಲ್ಲ. ಅವನ ಮಗಳನ್ನು ನೋಡಲು ಸೇಡಂನಿಂದ ಬಂದ ಗಂಡಿನ ಕಡೆಯವರು ಆ ಹೆಸರು ಕೇಳಿದ್ದೇ ತಡ, ಕಾಕು ಕೊಟ್ಟ ಚಹಾ ಮುಟ್ಟದೆ ಎದ್ದು ಹೋದರು. ಕಾಕು ಎಂದರೆ ಕಾಕಾನ ಹೆಂಡತಿ.

ಅವತ್ತೇ ಕಾಕಾ ನಮ್ಮ ಮನೆಗೆ ಬಂದ. "ನನಗ ಟಿ.ಬಿ. ಇಲ್ಲವ್ವ. ನನ್ನ ಎದಿಯಾಗ ಅವರ ಫರ್ಸಿ ಅದ. ಇದನ್ನ ಯಾರರೆ ದೊಡ್ಡವರ ಬಾಯಿಲೆ ಊರ ಮುಂದ ಹೇಳಸ್ಬೇಕು. ಯಾರಿಗಿ ಬರೀತಿ ಬರಿ."

ಕಾರ್ಖಾನೆಯ ಮೇಲೂ ಅದನ್ನು ನೆಟ್ಟಗೆ ತಪಾಸಣೆ ಮಾಡದ ಸಾಹೇಬರ ಮೇಲೂ ನಾನು ದಿಲ್ಲಿಯ ಮಾನವ ಹಕ್ಕುಗಳ ಆಯೋಗಕ್ಕೆ ಬರೆದೆ. ಆಯೋಗ ದೂರು ತೆಗೆದುಕೊಂಡಿತು, ವರದಿ ಕೇಳಿತು. ಆ ಕೇಳಿಕೆ ಬೆಂಗಳೂರಿಗೆ ಇಳಿದು, ಕಲಬುರಗಿಗೆ ಬಂದು, ಕೊನೆಗೆ ಆ ಕಾರ್ಖಾನೆಯ ಆಫೀಸಿನಲ್ಲಿ ವರ್ಷಗಟ್ಟಲೆ ಚಹಾ ಕುಡಿದು ಹೋಗುತ್ತಿದ್ದ ಆ ತಪಾಸಣೆಯ ಸಾಹೇಬರ ಮೇಜಿಗೇ ಬಂದು ಕೂತಿತು. ಯಾರ ಮೇಲೆ ದೂರೋ ಅವರೇ ಉತ್ತರ ಬರೆಯಬೇಕು. ಬೆಂಕಿ ಬೀಳಲಿ ಆ ಪದ್ಧತಿಗೆ!

ವಿಚಾರಣೆಯ ದಿನ ಕಾಕಾನ ಜೊತೆ ನಾನೂ ಕಾರ್ಖಾನೆಗೆ ಹೋಗಿದ್ದೆ. ಅಂಗಳಕ್ಕೆಲ್ಲ ನೀರು ಹೊಡೆದಿದ್ದರು. ಎಲ್ಲರಿಗೂ ಹೊಸ ಮಾಸ್ಕ್ ಹಂಚಿದ್ದರು. ಒಬ್ಬ ಪುಣ್ಯಾತ್ಮ ತಂಬಾಕು ಉಗುಳಲು ಅಡ್ಡವಾಗುತ್ತದೆಂದು ಅದನ್ನು ಕೊರಳಿಗೆ ಇಳಿಸಿಕೊಂಡಿದ್ದ. ಸಾಹೇಬರಿಗೆ ಮಾತು ಕೇಳಿಸಬೇಕಲ್ಲ, ಮರ್ಯಾದೆಗೆಂದು ಮಷಿನ್‌ಗಳನ್ನೆಲ್ಲ ನಿಲ್ಲಿಸಿದ್ದರು. "ಮಾಸ್ಕ್ ದಿನಾ ಹಾಕ್ಕೊಂತೀರೇನು?" ಎಂದು ಸಾಹೇಬರು ಕೇಳಿದರು. ಎಲ್ಲರೂ ಮಾಲಕರ ಮುಖ ನೋಡಿ "ಹೂಂರಿ" ಎಂದರು. ಅವರಲ್ಲಿ ನನ್ನ ಅಣ್ಣನೂ ಒಬ್ಬ.

ಕಾಕಾನಿಗೆ ತಡೆಯಲಾಗಲಿಲ್ಲ. "ಸಾಹೇಬ್ರ, ಮಷಿನ್ ಬಂದ್ ಮಾಡಿ ಧೂಳ ಹುಡಕಾಕತ್ತೀರೇನ್ರಿ?" ಎಂದವನೇ ಹೋಗಿ ಒಣ ಫರ್ಸಿ ಒಂದನ್ನು ಇಟ್ಟು ಗುಂಡಿ ಒತ್ತಿದ. ಬೆಳ್ಳನೆಯ ಧೂಳು ಎದ್ದು ಕುರ್ಚಿಗಳನ್ನು ಮುಚ್ಚಿತು. ಸಾಹೇಬರು ಮೂಗಿಗೆ ಕರ್ಚೀಫ್ ಒತ್ತಿಕೊಂಡು ಜೀಪಿನ ಕಡೆ ಓಡಿದರು. "ಯಾಕ್ರಿ ಓಡ್ತೀರಿ? ಕುಂದ್ರಿ, ಚಹಾ ಆರ್ತದ!" ಎಂದು ಕಾಕಾ ಕೆಮ್ಮುತ್ತಲೇ ಕೂಗುತ್ತಿದ್ದ.

ಮರುದಿನ ಅವನ ಕೆಲಸ ಹೋಯಿತು. ಧೂಳು ಮಿತಿಯೊಳಗಿದೆ, ದೂರುದಾರ ಕ್ಷಯರೋಗಿ, ಮೇಲಾಗಿ ಕುಡುಕ ಎಂದು ವರದಿ ಹೋಯಿತು. ಕುಡುಕನಂತೆ! ಜೀವಮಾನದಲ್ಲಿ ಚಹಾ ಬಿಟ್ಟು ಬೇರೇನೂ ಕುಡಿಯದ ಮನುಷ್ಯ. ನಾಲಗೆಗೆ ಎಲುಬಿಲ್ಲದವರು ಏನನ್ನಾದರೂ ಬರೆಯಬಹುದು.

ಆ ವರದಿಗೆ ನಿಮ್ಮ ಉತ್ತರವೇನು ಎಂದು ಆಯೋಗ ಕಾಕಾನನ್ನು ಕೇಳಿತು. ನಾನು ಓದಿ ಹೇಳಿದೆ. "ನಾ ಯಾರ ಮ್ಯಾಲ ಹೇಳೀನಿ ಅವರಿಗೇ ಕೇಳ್ಯಾರ. ನನಗ ಕೇಳ್ಲಿಕ್ಕ ಯಾರರೆ ಬರ್ರಿ ಅಂತ ಬರಿ" ಎಂದ. ಅಷ್ಟನ್ನೇ ಬರೆದೆ. ಅಷ್ಟೊತ್ತಿಗೆ ಅವನಿಗೆ ಮಲಗಲಿಕ್ಕೇ ಬರುತ್ತಿರಲಿಲ್ಲ, ಗೋಡೆಗೆ ಒರಗಿ ಕೂತೇ ಕಣ್ಣು ಮುಚ್ಚುತ್ತಿದ್ದ. ರಸ್ತೆಯಲ್ಲಿ ಜೀಪಿನ ಸಪ್ಪಳವಾದರೆ ಸಾಕು, "ಬಂದ್ರೇನು?" ಎನ್ನುತ್ತಿದ್ದ. ಒಂದು ಮುಂಜಾನೆ ಕಾಕು ಚೀರಿದ್ದು ಕೇಳಿ ನಾವೆಲ್ಲ ಓಡಿದೆವು.

ಅವನು ಹೋದ ಮೇಲೆ ಅವರು ಬಂದರು. ಆಯೋಗ ಮೊದಲಿನ ವರದಿಯನ್ನು ನಂಬದೆ, ಎದೆರೋಗದ ಡಾಕ್ಟರನ್ನು ಜೊತೆಮಾಡಿ ತನ್ನವರನ್ನೇ ಕಳಿಸಿತ್ತು. ಡಾಕ್ಟರು ಕಾಕಾನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದರು. "ಇದು ಟಿ.ಬಿ. ಅಲ್ಲಮ್ಮ, ಕಲ್ಲಿನ ಧೂಳಿನಿಂದ ಆಗಿದ್ದು" ಎಂದರು.

ಕಾಕು ಅಳಲಿಲ್ಲ. "ನನಗೇನ್ ಹೇಳ್ತೀರಿ? ನನಗ ಗೊತ್ತದ. ಹೊರಗ ಬಂದು ಮಂದಿ ಮುಂದ ಹೇಳ್ರಿ" ಎಂದು ಬಾಗಿಲು ತೋರಿಸಿದಳು. ಡಾಕ್ಟರು ಹೋಗಿ ಬಸ್‌ಸ್ಟ್ಯಾಂಡಿನ ಹೋಟೆಲಿನ ಮುಂದೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು. ಒಳ್ಳೆಯ ಮನುಷ್ಯ, ಅವರ ಮೇಲೆ ನನಗೆ ಸಿಟ್ಟಿಲ್ಲ.

ಅದೇ ವಾರ ಕಾರ್ಖಾನೆಯ ಕೆಲಸಗಾರರ ಎದೆಗಳನ್ನೆಲ್ಲ ತಪಾಸು ಮಾಡಿದರು. ನನ್ನ ಅಣ್ಣನ ಎದೆಯಲ್ಲೂ ಧೂಳು ಸಿಕ್ಕಿತು, ಆದರೆ ಹೊತ್ತು ಮೀರಿರಲಿಲ್ಲ. ಮಷಿನ್ ಬಿಡಿಸಿದೆವು. ಈಗ ವಾಡಿಯಲ್ಲಿ ಟಂಟಂ ಆಟೋ ಓಡಿಸುತ್ತಾನೆ; ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ, ಬದುಕಿದ್ದಾನೆ. ಅದು ಕಾಕಾ ಕೊಟ್ಟ ಜೀವ. ಅಣ್ಣ ನಗುನಗುತ್ತ ಊಟಕ್ಕೆ ಕೂತಾಗಲೂ ನನ್ನ ಸಿಟ್ಟು ಇಳಿಯುವುದಿಲ್ಲ. ಆಯೋಗದವರು ಮೊದಲ ಸಲವೇ ತಾವೇ ಬಂದು ಕಾಕಾನನ್ನು ಕೇಳಿದ್ದರೆ, ಡಾಕ್ಟರರ ಆ ಮಾತು ಅವನ ಕಿವಿಗೂ ಬೀಳುತ್ತಿತ್ತು.