ಪೋಪೆ ಎಂದರೆ ಹೋಗುವುದು ಯಾರು

ನನ್ನ ಗಂಡ ಕೋಚ್ ಎಂದು ಮೊದಲ ಸಲ ಹೇಳಿದಾಗ ಬೆಂಗಳೂರಿನ ನನ್ನ ಚಿಕ್ಕಮ್ಮ, ಮ್ಯಾಥ್ಸಿಗೋ ಫಿಸಿಕ್ಸಿಗೋ ಎಂದು ಕೇಳಿದ್ದರು. ಅಮೆರಿಕನ್ ಫುಟ್‌ಬಾಲಿಗೆ ಎಂದೆ. ನೆದರ್ಲೆಂಡ್ಸಿನಲ್ಲಿ ಇದ್ದುಕೊಂಡು ಅಮೆರಿಕದ ಫುಟ್‌ಬಾಲ್ ಯಾಕೆ ಎಂದರು. ಅದನ್ನು ಅವನನ್ನೇ ಕೇಳಿ ಎಂದೆ. ಹಗಲು ಚಿಪ್ ತಯಾರಿಸುವ ಕಂಪನಿಯಲ್ಲಿ ಎಂಜಿನಿಯರ್ ಆಗಿರುವ ಮನುಷ್ಯ, ಕೆಲವು ಸಂಜೆ ಮತ್ತು ವಾರಾಂತ್ಯದಲ್ಲಿ ನೈಮೆಗನ್ನಿನ ವಿಶ್ವವಿದ್ಯಾಲಯದ ಹುಡುಗರ ತಂಡಕ್ಕೆ ಡಿಫೆನ್ಸ್ ಕೋಚ್. ಎದುರಿನವನು ಮೊಟ್ಟೆಯಾಕಾರದ ಚೆಂಡು ಹಿಡಿದು ಓಡಿಬಂದರೆ ಅವನನ್ನು ಹೇಗೆ ನೆಲಕ್ಕೆ ಕೆಡವಬೇಕು ಎಂದು ಕಲಿಸುವುದು ಅವನ ಕೆಲಸ. ಸಂಬಳ ಇಲ್ಲ. ಗೆದ್ದ ದಿನ ಕ್ಯಾಂಟೀನಿನಲ್ಲಿ ಫ್ರೈಸ್ ಕೊಡುತ್ತಾರೆ.

ಅವನು ಉಡುಪಿಯವನು. ಎಂಜಿನಿಯರಿಂಗ್ ಓದುವಾಗ ಕಾಲೇಜಿನ ಕಬಡ್ಡಿ ತಂಡದಲ್ಲಿದ್ದ. ಎಂ.ಎಸ್. ಮಾಡಲು ನೈಮೆಗನ್ನಿಗೆ ಬಂದ ಹೊಸದರಲ್ಲಿ, ಹೊಸ ವಿದ್ಯಾರ್ಥಿಗಳನ್ನು ಸೆಳೆಯಲು ಎಲ್ಲ ಕ್ಲಬ್ಬುಗಳೂ ಮೇಜು ಹಾಕಿ ಕುಳಿತಿದ್ದಾಗ, ಈ ತಂಡದ ಮುಂದೆ ಒಬ್ಬ ದೈತ್ಯ ನಿಂತಿದ್ದನಂತೆ. ನನ್ನನ್ನು ಕೆಡವಿ ನೋಡೋಣ ಎಂದು ಕರೆಯುತ್ತಿದ್ದ. ನನ್ನ ಗಂಡ ಹೋಗಿ ಅವನ ಕಣಕಾಲಿಗೆ ಕೈಹಾಕಿದ. ದೈತ್ಯ ಮೇಜಿನ ಸಮೇತ ಮಗುಚಿದ. ಅಂದಿನ ಹೆಡ್ ಕೋಚ್ ಓಡಿಬಂದು ಇದನ್ನು ಎಲ್ಲಿ ಕಲಿತೆ ಎಂದು ಕೇಳಿದರಂತೆ. ಹೀಗೆ ಶುರುವಾದದ್ದು, ಆಡುವ ವಯಸ್ಸು ದಾಟಿದ ಮೇಲೂ ಬಿಡಲಿಲ್ಲ.

ನನ್ನ ಗಂಡ ಅಲ್ಲೇ ಉಳಿದ. ಹೆಡ್ ಕೋಚ್‌ಗಳು ಮಾತ್ರ ಬರುತ್ತಾರೆ, ಹೋಗುತ್ತಾರೆ. ಇವನು ಅದನ್ನು ಪರ್ಯಾಯ ಎನ್ನುತ್ತಾನೆ. ಎರಡು ವರ್ಷಕ್ಕೊಮ್ಮೆ ಪೀಠ ಬದಲಾಗುವುದು ಉಡುಪಿಯವರಿಗೆ ಲೋಕದ ಸಹಜ ಕ್ರಮ. ನಾನು ಕಂಡ ಮೊದಲಿನವರು ಅಮೆರಿಕದ ಸಣ್ಣ ಕಾಲೇಜೊಂದರಲ್ಲಿ ಆಡಿ, ಮೊಣಕಾಲು ಹಾಳುಮಾಡಿಕೊಂಡು, ಕೋಚ್ ಆಗಿ ಯುರೋಪಿನ ಎರಡು ಮೂರು ದೇಶ ಸುತ್ತಿ ಇಲ್ಲಿಗೆ ಬಂದವರು. ಇಲ್ಲಿಂದ ಆಸ್ಟ್ರಿಯಾ, ಅಲ್ಲಿಂದ ಜರ್ಮನಿ, ಕೊನೆಗೆ ತಾವು ಓದಿದ ಕಾಲೇಜಿಗೇ ಅಸಿಸ್ಟೆಂಟ್ ಆಗಿ ವಾಪಸ್. ಅವರ ನಂತರದವರು ಡಚ್ ಮನುಷ್ಯ, ಶಾಲೆಯೊಂದರಲ್ಲಿ ಪಿ.ಟಿ. ಮೇಷ್ಟ್ರು. ಇದೇ ತಂಡದಲ್ಲಿ ಆಡಿ ಬೆಳೆದವರು, ಎಲ್ಲಿಗೂ ಹೋಗುವುದಿಲ್ಲ ಎಂದು ಎಲ್ಲರೂ ನಂಬಿದ್ದರು. ಗ್ರೋನಿಂಗನ್ನಿನ ತಂಡದಿಂದ ಕರೆ ಬಂತು, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಉತ್ತರಕ್ಕೆ ಹೊರಟರು. ಈಗಿನವನು ಮತ್ತೆ ಅಮೆರಿಕದವನು, ಇನ್ನೂ ಮೂವತ್ತು ತುಂಬದ ಹುಡುಗ. ಕ್ಯಾಂಟೀನಿನ ಗೋಡೆಯ ಮೇಲೆ ಹಳೆಯ ಕೋಚ್‌ಗಳ ಫೋಟೋಗಳಿವೆ, ಪ್ರತಿ ಫೋಟೋದಿಂದಲೂ ಒಂದು ಬಾಣ ಹೊರಟು ಅವರು ಮುಂದೆ ಹೋದ ಊರನ್ನು ತೋರಿಸುತ್ತದೆ. ಹುಡುಗರಿಗೆ ಅದು ಹೆಮ್ಮೆ. ನನಗೆ ಆ ಗೋಡೆ ಕಂಡರೆ ಹೆದರಿಕೆ.

ಯಾಕೆಂದರೆ ಆ ಬಾಣಗಳ ಹಿಂದೆ ಸಾಮಾನು ಕಟ್ಟಿದವರನ್ನು ನಾನು ನೋಡಿದ್ದೆ. ಮೊದಲಿನ ಕೋಚ್‌ನ ಹೆಂಡತಿ ಹೊರಡುವಾಗ ಪಾತ್ರೆ ಸುತ್ತಿಕೊಡಲು ಹೋಗಿದ್ದೆ. ಆಕೆ ತಮ್ಮ ಊರಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದವರು. ಗಂಡನ ಹಿಂದೆ ಹೋದ ಪ್ರತಿ ದೇಶದಲ್ಲೂ ಭಾಷೆ ಕಲಿತು ಕೆಲಸ ಸಿಗುವ ಹೊತ್ತಿಗೆ ಹೊರಡುವ ಹೊತ್ತು ಬರುತ್ತಿತ್ತು. ಅಳಲಿಲ್ಲ, ದೂರಲೂ ಇಲ್ಲ. ಕೋಚ್‌ನ ಮನೆಯಲ್ಲಿ ರಟ್ಟಿನ ಡಬ್ಬಗಳನ್ನು ಮಾತ್ರ ಎಂದೂ ಎಸೆಯಬಾರದು ಎಂದು ನನಗೆ ಬುದ್ಧಿ ಹೇಳಿದರು. ತಮಗೆ ಬೇಡವಾದ ಮಿಕ್ಸಿಂಗ್ ಬೌಲ್‌ಗಳನ್ನೂ ಮಕ್ಕಳ ಸೈಕಲ್ಲನ್ನೂ ನಮಗೆ ಕೊಟ್ಟರು. ನಾನು ನಮ್ಮ ಡಬ್ಬಗಳನ್ನು ಮಡಚಿ ಅಟ್ಟದಲ್ಲಿಟ್ಟೆ.

ಇನ್ನು ನನ್ನ ತುಳುವಿನ ವಿಷಯ. ನಾನು ಬೆಂಗಳೂರಿನವಳು, ಮನೆಮಾತು ಕನ್ನಡ. ಮನೆಯಲ್ಲಿ ನಾವು ಕನ್ನಡ ಮಾತಾಡುತ್ತೇವೆ, ಮಗಳು ಡಚ್ಚಿನಲ್ಲೋ ಇಂಗ್ಲಿಷಿನಲ್ಲೋ ಉತ್ತರ ಕೊಡುತ್ತಾಳೆ, ಗಂಡ ತನ್ನ ಅಮ್ಮನ ಜೊತೆ ತುಳು. ಮದುವೆಯಾದ ಹೊಸದರಲ್ಲಿ ಉಡುಪಿಯ ಮನೆಯಲ್ಲಿ ಒಲೆಯ ಮೇಲಿದ್ದ ಸಾರನ್ನು ಇಳಿಸಲು ಹೋದೆ. ಅತ್ತೆ 'ಉಪ್ಪಡ್' ಎಂದರು. ಇರಲಿ ಬಿಡು ಎಂದು ಅದರ ಅರ್ಥ. ನಾನು ದೊಡ್ಡ ಚಮಚದಲ್ಲಿ ಉಪ್ಪು ಹಾಕಿದೆ. ಆ ಸಾರನ್ನು ಮನೆಯವರೆಲ್ಲ ತಲೆ ತಗ್ಗಿಸಿಕೊಂಡು ಉಂಡರು. ತುಳುವಿನಲ್ಲಿ ಇರುವುದಕ್ಕೂ ಉಪ್ಪಿಗೂ ಹತ್ತಿರದ ನೆಂಟು ಎಂದು ಅವತ್ತು ಕಲಿತೆ. ಆಮೇಲೆ ಕಿವಿಗೆ ಬಿದ್ದದ್ದನ್ನೆಲ್ಲ ಕೂಡಿಸುತ್ತ ಬಂದು, ನನಗೆ ತುಳು ಅರ್ಥವಾಗುತ್ತದೆ ಎಂದು ಧೈರ್ಯವಾಗಿ ಹೇಳಿಕೊಳ್ಳುವ ಮಟ್ಟಕ್ಕೆ ಬಂದಿದ್ದೆ. ಆ ಧೈರ್ಯವೇ ಕೈಕೊಟ್ಟಿತು.

ಈ ವಸಂತದ ಒಂದು ಶನಿವಾರ ನಾನು ಹುರುಳಿಕಾಯಿ ಹೆಚ್ಚುತ್ತಿದ್ದೆ. ಗಂಡ ಪಕ್ಕದ ಕೋಣೆಯಲ್ಲಿ ಅತ್ತೆಯ ಜೊತೆ ವಿಡಿಯೋ ಕಾಲ್‌ನಲ್ಲಿದ್ದ. ಸೀಸನ್, ಹೆಡ್ ಕೋಚ್, ಈ ಎರಡು ಪದ ಕೇಳಿಸಿದವು. ಆಮೇಲೆ ಸ್ಪಷ್ಟವಾಗಿ, 'ಜರ್ಮನಿಗ್ ಪೋಪೆ' ಎಂದ. ಪೋಪೆ ಎಂದರೆ ಹೋಗುತ್ತೇನೆ ಎಂದು ನನಗೆ ಗೊತ್ತು. ದಿನಾ ಬೆಳಿಗ್ಗೆ ಆಫೀಸಿಗೆ ಹೊರಡುವಾಗ ಅಮ್ಮನಿಗೆ ಅದೇ ಪದ ಹೇಳಿ ಫೋನ್ ಇಡುತ್ತಾನೆ. ಅತ್ತೆ ಏನೋ ಕೇಳಿದರು, ಇವನು ಏನೋ ತಗ್ಗಿದ ದನಿಯಲ್ಲಿ ಹೇಳಿದ, ಅತ್ತೆ 'ಎಡ್ಡೆ ಆಂಡ್' ಎಂದರು. ಒಳ್ಳೆಯದಾಯಿತಂತೆ!

ನನಗೆ ಮೈ ಉರಿದುಹೋಯಿತು. ಹೋಗುವುದಕ್ಕಿಂತ ಹೆಚ್ಚಾಗಿ, ನನಗೆ ಹೇಳುವ ಮೊದಲು ಅಮ್ಮನಿಗೆ ಹೇಳಿದ್ದಕ್ಕೆ. ಅವತ್ತೇ ಕೇಳಬಹುದಿತ್ತು ಎಂದು ಯಾರಾದರೂ ಹೇಳಬಹುದು. ಅವರಿಗೆ ನನ್ನ ಪರಿಚಯವಿಲ್ಲ. ಕೋಪ ಬಂದರೆ ನನ್ನ ಬಾಯಿ ಮುಚ್ಚುತ್ತದೆ, ಪಾತ್ರೆಗಳು ಮಾತಾಡಲು ಶುರುಮಾಡುತ್ತವೆ. ತಾನಾಗಿ ಬಂದು ಹೇಳಲಿ, ಅಲ್ಲಿಯವರೆಗೆ ನಾನು ಒಂದಕ್ಷರ ಎತ್ತುವುದಿಲ್ಲ ಎಂದು ಹಟ ಹಿಡಿದೆ.

ಹೆದರಿಕೆಗೆ ಕಾರಣವೂ ಇತ್ತು. ನಾನು ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಭಾಷೆ ಕಲಿತು, ಪರೀಕ್ಷೆ ಬರೆದು, ಪ್ರತಿ ವರ್ಷ ಕೆಲಸ ಉಳಿಯುತ್ತದೋ ಇಲ್ಲವೋ ಎಂದು ಉಗುರು ಕಚ್ಚುತ್ತ ಇಷ್ಟು ದೂರ ಬಂದಿದ್ದೆ. ಅದೇ ವಾರ ಲ್ಯಾಬಿನ ಮುಖ್ಯಸ್ಥೆ ನನ್ನನ್ನು ಕರೆದು, ಇನ್ನು ಮುಂದೆ ಕಾಯಂ ಎಂದಿದ್ದರು. ಡಚ್ಚರು ಅದನ್ನು 'ವಾಸ್ಟ್' ಎನ್ನುತ್ತಾರೆ, ಗಟ್ಟಿ ಎಂದು ಅರ್ಥ. ಆ ಪದ ಕೇಳಲು ನಾನು ಎಷ್ಟು ಕಾದಿದ್ದೆನೋ ನನಗೇ ಗೊತ್ತು. ಆ ಸುದ್ದಿಯನ್ನು ಭಾನುವಾರ ಪಾಯಸ ಮಾಡಿ ಮನೆಯಲ್ಲಿ ಹೇಳಬೇಕೆಂದಿದ್ದೆ. ಶನಿವಾರ ಪೋಪೆ ಬಂತು. ಪಾಯಸ ಮಾಡಲಿಲ್ಲ. ಸೋಮವಾರ ಹೋಗಿ ಸ್ವಲ್ಪ ಸಮಯ ಕೊಡಿ ಎಂದು ಕೇಳಿದೆ. ಮುಖ್ಯಸ್ಥೆ ಕನ್ನಡಕದ ಮೇಲಿನಿಂದ ನೋಡಿದರು. ತಿಂಗಳ ಕೊನೆಯವರೆಗೆ ಎಂದರು.

ಆ ದಿನಗಳಲ್ಲಿ ಗಂಡ ಸಂಜೆ ಹೊತ್ತು ಕ್ಲಬ್ಬಿನ 'ಬೆಸ್ಟೂರ್' ಜೊತೆ ಮಾತಿದೆ ಎಂದು ಹೋಗುತ್ತಿದ್ದ. ಬೆಸ್ಟೂರ್ ಎಂದರೆ ಆಡಳಿತ ಮಂಡಳಿ. ಎಲ್ಲರೂ ವಿದ್ಯಾರ್ಥಿಗಳು, ಅಧ್ಯಕ್ಷೆ ಇನ್ನೂ ಪದವಿ ಮುಗಿಸದ ಹುಡುಗಿ. ಮಗಳು ಹುಟ್ಟುವ ಮೊದಲೇ ತಲೆ ನರೆಯಲು ಶುರುವಾದ ನನ್ನ ಗಂಡನ ಹಣೆಬರಹವನ್ನು ಆ ಮಕ್ಕಳು ಕುಳಿತು ಚರ್ಚಿಸುತ್ತಿದ್ದಾರೆ ಎಂದು ನೆನೆದರೆ ಇನ್ನಷ್ಟು ಸಿಟ್ಟು. ವಾಪಸ್ ಬಂದವನು ಸುಮ್ಮನೆ ಕುಳಿತಿರುತ್ತಿದ್ದ. ಹೇಳಲು ಮುಖವಿಲ್ಲ ಎಂದುಕೊಂಡೆ. ಹುಳಿಗೆ ಉಪ್ಪು ಕಡಿಮೆ ಹಾಕಿದೆ, ಕೇಳಲಿ ಎಂದು. ಕೇಳಲಿಲ್ಲ. ಮರುದಿನ ಹಾಕಲೇ ಇಲ್ಲ. ಅದನ್ನೂ ಉಂಡು ತಟ್ಟೆ ತೊಳೆದಿಟ್ಟ. ಕೊನೆಗೆ ಅಟ್ಟದಿಂದ ಡಬ್ಬಗಳನ್ನು ಇಳಿಸಿ, ಟೇಪ್ ಹಚ್ಚಿ, ನಡುಮನೆಯಲ್ಲಿ ಸಾಲಾಗಿ ಇಟ್ಟೆ. ಅವನು ಬಂದ, ನೋಡಿದ, ಡಬ್ಬಗಳ ಪಕ್ಕದಿಂದ ಹಾದು ಅಡುಗೆಮನೆಗೆ ಹೋಗಿ ನೀರು ಕುಡಿದ. ಇಷ್ಟೂ ಮಾತಿಲ್ಲದ ಮನುಷ್ಯನನ್ನು ನಾನು ಯಾಕಾದರೂ ಕಟ್ಟಿಕೊಂಡೆನೋ ಅನ್ನಿಸಿತು.

ಮುಂದಿನ ಶನಿವಾರ ಅವನು ಮೈದಾನಕ್ಕೆ ಹೋಗಿದ್ದಾಗ ಅತ್ತೆಯ ಫೋನ್ ಬಂತು. ಮಗಳು ಎತ್ತಿದಳು. ಅಮ್ಮ ಎಲ್ಲಿ ಎಂದು ಅಜ್ಜಿ ಕೇಳಿರಬೇಕು.

"ಅಜ್ಜಿ, ಅಮ್ಮ ಈಸ್ ಪ್ಯಾಕಿಂಗ್," ಎಂದಳು.

ಫೋನ್ ನನ್ನ ಕೈಗೆ ಬಂತು. ಪರದೆಯ ತುಂಬ ಅತ್ತೆಯ ಹಣೆ ಮತ್ತು ಕನ್ನಡಕ.

"ಎಂತಕ್ಕೆ ಪ್ಯಾಕಿಂಗ್? ಎಲ್ಲಿಗೆ ಹೊರಟದ್ದು ನೀನು?"

"ಜರ್ಮನಿಗೆ, ಅತ್ತೆ. ಇವ್ರು ನಿಮ್ಮ ಹತ್ರ ಹೇಳಿದ್ರಲ್ಲ. ನನ್ನ ಹತ್ರ ಇನ್ನೂ ಹೇಳಿಲ್ಲ." ಮನೆಯಲ್ಲಿ ನೀನು ಎನ್ನುವ ಗಂಡನನ್ನು ಅತ್ತೆಯ ಮುಂದೆ ಇವರು ಎನ್ನುವಾಗ, ಅಳು ಬಂದರೂ ಬಹುವಚನ ತಪ್ಪಲಿಲ್ಲ.

ಅತ್ತೆ ಫೋನನ್ನು ದೂರ ಹಿಡಿದು ನನ್ನ ಮುಖ ನೋಡಿದರು. ಆಮೇಲೆ, "ಅವ ಅಲ್ಲ ಮಾರಾಯ್ತಿ ಹೋಗುವುದು. ಆ ಅಮೆರಿಕದ ಹುಡುಗ," ಎಂದರು.

ಪೋಪೆ ಎಂದದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ ಎಂದೆ. ಅತ್ತೆ ಕನ್ನಡಕ ತೆಗೆದಿಟ್ಟು ನನಗೆ ಪಾಠ ಶುರುಮಾಡಿದರು. ತುಳುವಿನಲ್ಲಿ ಎರಡು ಪೋಪೆ ಇವೆಯಂತೆ. ಬರೆದರೆ ಎರಡೂ ಒಂದೇ, ಬಾಯಲ್ಲಿ ಮಾತ್ರ ಬೇರೆ. ನಾನು ಹೋಗುವುದಾದರೆ ಕೊನೆಯಲ್ಲಿ ಬಾಯಿ ಅಗಲ ಮಾಡಬೇಕು, ಅವನು ಹೋಗುವುದಾದರೆ ಸಣ್ಣ. ಫೋನನ್ನು ಬಾಯಿಯ ಹತ್ತಿರ ತಂದು ಎರಡನ್ನೂ ಮಾಡಿ ತೋರಿಸಿದರು. ಅಗಲ, ಸಣ್ಣ, ಅಗಲ, ಸಣ್ಣ. ಮಗಳು ಪಕ್ಕದಲ್ಲಿ ಕುಳಿತು ಕೂಡಲೇ ಸರಿಯಾಗಿ ಹೇಳಿದಳು. ನನ್ನ ಬೆಂಗಳೂರಿನ ಕಿವಿಗೆ ಆಗಲೂ ಎರಡೂ ಒಂದೇ ಕೇಳಿಸಿತು. ಆ ಹುಡುಗ ವಯಸ್ಸಿನಲ್ಲಿ ಚಿಕ್ಕವನು ಎಂದು ನನ್ನ ಗಂಡ ಏಕವಚನ ಹಾಕಿದ್ದ. ಹೆಡ್ ಕೋಚ್ ಎಂದು ಗೌರವ ಕೊಟ್ಟು 'ಪೋಪೆರ್' ಎಂದಿದ್ದರೆ ಈ ರಾಮಾಯಣವೇ ಆಗುತ್ತಿರಲಿಲ್ಲ.

"ಮತ್ತೆ ಎಡ್ಡೆ ಆಂಡ್ ಅಂದ್ರಲ್ಲ?" ಎಂದೆ, ಇನ್ನೂ ಬಿಡದೆ.

"ಅವನನ್ನೇ ಹೆಡ್ ಕೋಚ್ ಆಗ್ಲಿಕ್ಕೆ ಕೇಳಿದ್ದಾರೆ, ಅದಕ್ಕೆ ಅಂದದ್ದು. ನಿನಗೆ ಹೇಳಿರ್ತಾನೆ ಅಂತ ಗ್ರಹಿಸಿದ್ದು ನಾನು."

ನಾನು ಹತ್ತಿರವಿದ್ದ ಡಬ್ಬದ ಮೇಲೆ ಕುಳಿತೆ. ಖಾಲಿ ಡಬ್ಬ, ಕುಸಿದು ನಾನು ನೆಲಕ್ಕೆ ಬಿದ್ದೆ. ಬಿದ್ದಲ್ಲೇ ಕುಳಿತು ನಕ್ಕೆ. ಎದೆಯ ಮೇಲಿಂದ ಯಾರೋ ಅಕ್ಕಿ ಮೂಟೆ ಇಳಿಸಿದ ಹಾಗಿತ್ತು. ಲ್ಯಾಬು ಉಳಿಯಿತು, ಮಗಳು ಇಷ್ಟು ದಿನ ತಯಾರಾಗಿದ್ದ ಇಲ್ಲಿನ ಈಜು ಪರೀಕ್ಷೆ ಉಳಿಯಿತು, ಬಟ್ಟೆ ಒಣಗಿಸಲು ಬಿಸಿಲು ಬೀಳುವ ನನ್ನ ಆ ಒಂದು ಕಿಟಕಿಯೂ ಉಳಿಯಿತು.

ಮಧ್ಯಾಹ್ನ ಗಂಡ ಬಂದ. ಹೆಡ್ ಕೋಚ್ ಆಗಲು ಕರೆದ ವಿಷಯ ನನಗೆ ಯಾಕೆ ಹೇಳಲಿಲ್ಲ ಎಂದು ನೇರವಾಗಿ ಕೇಳಿದೆ. ಅವನು ಬೂಟು ಬಿಚ್ಚುತ್ತಿದ್ದವನು ಹಾಗೇ ನಿಂತ. ಅವತ್ತೇ ಹೇಳಬೇಕೆಂದು ಅಡುಗೆಮನೆಗೆ ಬಂದಿದ್ದನಂತೆ, ನನ್ನ ಮುಖ ನೋಡಿ ನಾಳೆ ಎಂದುಕೊಂಡನಂತೆ. ನಾಳೆಯೂ ಅದೇ ಮುಖ. ಆಮೇಲೆ ಡಬ್ಬಗಳು ಇಳಿದವು.

"ನೀನು ಬೆಂಗಳೂರಿಗೆ ವಾಪಸ್ ಹೋಗೋಣ ಅಂತಿದ್ದೀಯ ಅಂದ್ಕೊಂಡೆ. ನಂಗೆ ಈ ಆಟ ಒಂದಿದ್ರೆ ಆಯ್ತು, ನಿಂಗೆ ಏನಿದೆ ಇಲ್ಲಿ ಅನ್ನಿಸ್ತು. ಕೋಚ್‌ಗಳ ಹೆಂಡ್ತೀರನ್ನ ನಾನೂ ನೋಡಿದ್ದೀನಲ್ವಾ. ಸೋಮವಾರ ಬೇಡ ಅಂತ ಹೇಳೋನಿದ್ದೆ."

ಆ ಗೋಡೆಯನ್ನು ಅವನೂ ನನ್ನ ಹಾಗೆಯೇ ನೋಡುತ್ತಿದ್ದ ಎಂದು ನನಗೆ ಆವರೆಗೆ ಹೊಳೆದಿರಲಿಲ್ಲ. ನನಗೆ ಏನಿದೆ ಎಂದು ಹೇಳಿದೆ. ವಾಸ್ಟ್ ಎಂಬ ಪದವನ್ನು ಎರಡು ಸಲ ಹೇಳಿದೆ, ಒಮ್ಮೆ ಅವನಿಗೆ, ಒಮ್ಮೆ ನನಗೇ. ಅವನು ಒಂದು ಕಾಲಿಗೆ ಬೂಟು, ಒಂದು ಕಾಲಿಗೆ ಸಾಕ್ಸ್ ಹಾಕಿಕೊಂಡೇ ಅಂಗಡಿಗೆ ಓಡಿ ಹಾಲು ತರಲು ಹೊರಟ, ಬಾಗಿಲಲ್ಲಿ ಇನ್ನೊಂದು ಬೂಟು ನೆನಪಾಗಿ ವಾಪಸ್ ಬಂದ. ಪಾಯಸ ಅವತ್ತು ಆಯಿತು.

ಸೋಮವಾರ ಇಬ್ಬರೂ ಒಪ್ಪಿಕೊಂಡೆವು, ಅವನು ಆ ಅಧ್ಯಕ್ಷೆ ಹುಡುಗಿಗೆ, ನಾನು ನಮ್ಮ ಮುಖ್ಯಸ್ಥೆಗೆ. ನಾನಂತೂ ಕೋಟು ಬಿಚ್ಚುವ ಮೊದಲೇ ಹೇಳಿಬಿಟ್ಟೆ. ಡಬ್ಬಗಳನ್ನು ಚಪ್ಪಟೆ ಮಾಡಿ ಬೀದಿ ಕೊನೆಯ ಹಳೇ ಕಾಗದದ ತೊಟ್ಟಿಗೆ ಹಾಕಿ ಬಂದೆ, ಒಂದನ್ನೂ ಉಳಿಸಲಿಲ್ಲ.

ಸೀಸನ್ನಿನ ಕೊನೆಯ ಪಂದ್ಯ ಸೋತರು. ಆದರೂ ಹುಡುಗರು ಆ ಅಮೆರಿಕದವನನ್ನು ಹೊತ್ತು ಕುಣಿದರು. ಮರುದಿನ ಅವನು ತನ್ನ ದೊಡ್ಡ ಬಾರ್ಬೆಕ್ಯೂ ಒಲೆಯನ್ನು ಸಾಮಾನಿನ ಸೈಕಲ್ಲಿನಲ್ಲಿ ಹೇರಿಕೊಂಡು ನಮ್ಮ ಮನೆಗೆ ತಂದ. ಹೋಗುವವರು ಕೊಡುತ್ತಾರೆ, ಇರುವವರು ಇಟ್ಟುಕೊಳ್ಳುತ್ತಾರೆ, ಇಷ್ಟು ವರ್ಷ ನೋಡಿಯೂ ಈ ಲೆಕ್ಕ ನನ್ನ ತಲೆಗೆ ಹತ್ತಿರಲಿಲ್ಲ. ಅದನ್ನು ಹಿತ್ತಲ ಶೆಡ್ಡಿಗೆ ತಳ್ಳುತ್ತಿದ್ದಾಗ ಅತ್ತೆಯ ಫೋನ್ ಬಂತು. ಎಲ್ಲ ತೀರ್ಮಾನವಾಯಿತಾ ಎಂದು ಕೇಳಿದ್ದಿರಬೇಕು.

"ಮುಲ್ಪನೇ ಉಪ್ಪುವೆ," ಎಂದ ನನ್ನ ಗಂಡ.

ಇಲ್ಲೇ ಇರುವುದು ಎಂದು ನನಗೆ ತಿಳಿಯಿತು, ಇದರಲ್ಲಿ ಉಪ್ಪಿಲ್ಲ ಎಂದೂ ತಿಳಿಯಿತು. ಆದರೂ ಈ ಸಲ ನಾನು ಸುಮ್ಮನಿರಲಿಲ್ಲ. ಯಾರು ಎಂದು ಅಲ್ಲೇ ಕೇಳಿದೆ. ಅವನು ಫೋನನ್ನು ಕೆಳಗಿಳಿಸಿ, ನನ್ನ ಕಡೆ ತಿರುಗಿ, ಆ ಪದವನ್ನು ಇನ್ನೊಮ್ಮೆ ನಿಧಾನವಾಗಿ ಹೇಳಿದ. ನಾನು ಅವನ ಬಾಯಿಯನ್ನೇ ನೋಡುತ್ತಿದ್ದೆ. ಅಗಲವಾಗಿಯೇ ಇತ್ತು.